ಸಾಲು ರಜೆಯ ದಟ್ಟಣೆಗೆ ರಿವರ್ಸ್ ಪ್ರಾಕ್ಸಿಯನ್ನು ಸಜ್ಜುಗೊಳಿಸುವುದು ಹೇಗೆ

ಸಾಲು ರಜೆ ಹತ್ತಿರ ಬಂದಾಗ ಚಿಕ್ಕಮಗಳೂರಿನ ಹೋಂಸ್ಟೇ ಮಾಲೀಕರಿಂದ ಬರುವ ದೂರು ಹೆಚ್ಚುಕಡಿಮೆ ಒಂದೇ: ‘ಸೈಟ್ ತೆರೆದುಕೊಳ್ಳುತ್ತಿಲ್ಲ, ಇನ್ನೂ ದೊಡ್ಡ ಸರ್ವರ್ ತೆಗೆದುಕೊಳ್ಳಬೇಕೇ?’ ಹೆಚ್ಚು ಬಾಡಿಗೆ ಕಟ್ಟಿ ದೊಡ್ಡದನ್ನು ತೆಗೆದುಕೊಳ್ಳುವುದು ಸುಲಭದ ಉತ್ತರ. ಆದರೆ ಬಹಳಷ್ಟು ಸಲ ಇರುವ ಸರ್ವರ್‌ಗೇ ಸಾಕಷ್ಟು ಶಕ್ತಿ ಇರುತ್ತದೆ. ಅದರ ಮುಂದೆ ನಿಂತು ಗ್ರಾಹಕರ ಕೋರಿಕೆಗಳನ್ನು ಒಳಗೆ ದಾಟಿಸುವ ‘ರಿವರ್ಸ್ ಪ್ರಾಕ್ಸಿ’ ಎಂಬ ತಂತ್ರಾಂಶ ಬಂದ ಕೋರಿಕೆಗಳನ್ನೆಲ್ಲ ಲೆಕ್ಕವಿಲ್ಲದೆ ಒಳಗೆ ಬಿಡುತ್ತಿರುವುದೇ ತೊಂದರೆಯ ಮೂಲ. ಬ್ಯಾಕೆಂಡ್, ಅಂದರೆ ಪುಟ ತಯಾರಿಸುವ ಒಳಗಿನ ತಂತ್ರಾಂಶ, ಏಕಕಾಲಕ್ಕೆ ಎಷ್ಟು ಕೋರಿಕೆಗಳನ್ನು ನಿಭಾಯಿಸಬಲ್ಲದೋ ಅಷ್ಟನ್ನೇ ಒಳಗೆ ಬಿಟ್ಟು, ಉಳಿದವುಗಳನ್ನು ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಲ್ಲಿಸಿ, ಅದಕ್ಕೂ ಮೀರಿದವುಗಳಿಗೆ ಕೂಡಲೇ ಮರ್ಯಾದೆಯಿಂದ ‘ಈಗ ಆಗುವುದಿಲ್ಲ’ ಎಂದು ಹೇಳುವುದು ಪ್ರಾಕ್ಸಿಯ ಮುಖ್ಯ ಕೆಲಸ ಎಂಬುದು ನನ್ನ ದೃಢ ನಂಬಿಕೆ. ಈ ಲೇಖನದ ಹಂತಗಳೆಲ್ಲ ಅದೊಂದೇ ಕೆಲಸಕ್ಕಾಗಿ.

ಉದಾಹರಣೆಗೆ ಒಂದು ಸಣ್ಣ ತಾಣವನ್ನು ಕಲ್ಪಿಸಿಕೊಳ್ಳೋಣ. ಮೂಡಿಗೆರೆ, ಕಳಸ, ಮುಳ್ಳಯ್ಯನಗಿರಿ ಸುತ್ತಲಿನ ಹೋಂಸ್ಟೇಗಳ ಕೋಣೆಗಳನ್ನು ಕಾಯ್ದಿರಿಸುವ ಪುಟಗಳು, ಜೊತೆಗೆ ಬೆಳೆಗಾರರು ದಿನವೂ ನೋಡುವ ಕಾಫಿ ದರದ ಪುಟ. ಎರಡು ಕೋರ್‌ಗಳ ಒಂದು ಬಾಡಿಗೆ ಸರ್ವರ್, ಅದರಲ್ಲಿ ಪುಟ ತಯಾರಿಸುವ ಪಿಎಚ್‌ಪಿ ಮತ್ತು ಡೇಟಾಬೇಸ್ ಆಗಿ ಮೈಎಸ್‌ಕ್ಯೂಎಲ್, ಮುಂದೆ ಪ್ರಾಕ್ಸಿಯಾಗಿ ಎಂಜಿನ್‌ಎಕ್ಸ್. ನಮ್ಮ ಜಿಲ್ಲೆಯಲ್ಲಿ ನಾನು ನೋಡುವ ತಾಣಗಳಲ್ಲಿ ಹೆಚ್ಚಿನವು ಇದೇ ಜೋಡಣೆಯವು.

ಸೆಟ್ಟಿಂಗ್‌ಗಳ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಎಂಜಿನ್‌ಎಕ್ಸ್ ಕಡತದಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಪದಗಳ ನಡುವೆ ಅಡಿಗೆರೆ ಹಾಕಿ ಬರೆಯಬೇಕು. ‘ಪ್ರಾಕ್ಸಿ’ ಎಂದು ಶುರುವಾಗುವ ಸೆಟ್ಟಿಂಗ್‌ಗಳಲ್ಲಿ ಹೆಚ್ಚಿನವಕ್ಕೆ ಪಿಎಚ್‌ಪಿಗಾಗಿ ‘ಫಾಸ್ಟ್‌ಸಿಜಿಐ’ ಎಂದು ಶುರುವಾಗುವ ಅವಳಿಗಳಿವೆ. ನಿಮ್ಮ ಜೋಡಣೆ ಯಾವುದೋ ಅದನ್ನು ಬಳಸಿ.

ಪ್ರಾಕ್ಸಿಯ ಒಳಗೆ ನಡೆಯುವುದೇನು

ಒಂದೇ ಯಂತ್ರ ಹತ್ತು ಸಾವಿರ ಸಂಪರ್ಕಗಳನ್ನು ಏಕಕಾಲಕ್ಕೆ ಹೇಗೆ ನಿಭಾಯಿಸಬೇಕು ಎಂಬ ಪ್ರಶ್ನೆಯನ್ನು ಡ್ಯಾನ್ ಕೆಗೆಲ್ 1999ರಲ್ಲಿ ಮುಂದಿಟ್ಟರು. ಆಗಿನ ವೆಬ್ ಸರ್ವರ್‌ಗಳು ಸಾಮಾನ್ಯವಾಗಿ ಒಂದು ಸಂಪರ್ಕಕ್ಕೆ ಒಂದು ಪ್ರಕ್ರಿಯೆ ಅಥವಾ ಒಂದು ಥ್ರೆಡ್ ಮೀಸಲಿಡುತ್ತಿದ್ದವು. ಇಗೊರ್ ಸಿಸೊಯೆವ್ 2002ರಲ್ಲಿ ಬರೆಯಲು ಆರಂಭಿಸಿ 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್ ಬೇರೆ ದಾರಿ ಹಿಡಿಯಿತು. ಸಿಪಿಯು ಕೋರ್‌ಗೆ ಒಂದರಂತೆ ಕೆಲವೇ ವರ್ಕರ್ ಪ್ರಕ್ರಿಯೆಗಳು. ಪ್ರತಿ ವರ್ಕರ್ ಸಾವಿರಾರು ಸಂಪರ್ಕಗಳ ಮೇಲೆ ಕಣ್ಣಿಟ್ಟಿರುತ್ತದೆ. ಯಾವ ಸಂಪರ್ಕದಲ್ಲಿ ಓದಲು ಅಥವಾ ಬರೆಯಲು ಏನಾದರೂ ಇದೆ ಎಂದು ಲಿನಕ್ಸಿನ ತಿರುಳಾದ ಕರ್ನಲ್ ‘ಎಪೋಲ್’ ಮೂಲಕ ತಿಳಿಸುತ್ತದೆ. ವರ್ಕರ್ ಆ ಕೆಲಸವನ್ನಷ್ಟೇ ಮುಗಿಸಿ ಮುಂದಿನದಕ್ಕೆ ಹೋಗುತ್ತದೆ. ಸುಮ್ಮನೆ ಕಾಯುತ್ತಿರುವ ಸಂಪರ್ಕಕ್ಕೆ ಸ್ವಲ್ಪ ಮೆಮೊರಿ ಬೇಕೇ ಹೊರತು ಸಿಪಿಯು ಬೇಡ.

ಹಿಂದೆ ಇರುವ ಪಿಎಚ್‌ಪಿಯ ಸ್ಥಿತಿ ಹಾಗಲ್ಲ. ಅಲ್ಲಿ ಒಂದು ಕೋರಿಕೆಗೆ ಒಂದು ಪ್ರಕ್ರಿಯೆ. ಕೋರಿಕೆ ಮುಗಿಯುವವರೆಗೆ ಆ ಪ್ರಕ್ರಿಯೆ ಬೇರೆ ಯಾರಿಗೂ ಸಿಗುವುದಿಲ್ಲ, ಅದು ಡೇಟಾಬೇಸಿನ ಉತ್ತರಕ್ಕಾಗಿ ಸುಮ್ಮನೆ ಕಾಯುತ್ತಿದ್ದರೂ ಸಹ. ಮುಂಬಾಗಿಲು ಸಾವಿರಾರು ಜನರನ್ನು ನಿರಾಯಾಸವಾಗಿ ತಾಳುತ್ತದೆ, ಒಳಗಿನ ಕೋಣೆಗೆ ಬೆರಳೆಣಿಕೆಯಷ್ಟು ಜನ ಮಾತ್ರ ಹಿಡಿಸುತ್ತಾರೆ. ಈ ಅಸಮತೋಲನ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಹಂತ 1: ಬ್ಯಾಕೆಂಡ್ ತಾಳುವಷ್ಟನ್ನು ಅಳೆಯಿರಿ

ಸೆಟ್ಟಿಂಗ್ ಮುಟ್ಟುವ ಮೊದಲು ಅಳತೆ. ಅದೇ ಡೇಟಾಸೆಂಟರಿನಲ್ಲಿ ಇನ್ನೊಂದು ಸಣ್ಣ ಯಂತ್ರವನ್ನು ಒಂದೆರಡು ಗಂಟೆಗೆ ಬಾಡಿಗೆಗೆ ಪಡೆದು ಅಲ್ಲಿಂದ ಪರೀಕ್ಷೆ ನಡೆಸಿ. ನಿಮ್ಮ ಲ್ಯಾಪ್‌ಟಾಪಿನಿಂದ ನಡೆಸಿದರೆ ಸರ್ವರಿನ ಬದಲು ಊರಿನ ಇಂಟರ್‌ನೆಟ್ ವೇಗವನ್ನು ಅಳೆದಂತಾಗುತ್ತದೆ. ‘ಅಪಾಚೆ ಬೆಂಚ್’ ಅಥವಾ ‘ಡಬ್ಲ್ಯುಆರ್‌ಕೆ’ ಬಳಸಿ ಕೋಣೆ ಹುಡುಕುವ ಪುಟವನ್ನು ಏಕಕಾಲಕ್ಕೆ 2, 4, 8, 16, 32 ಕೋರಿಕೆಗಳಂತೆ ಏರಿಸುತ್ತಾ ಹೋಗಿ. ಪ್ರತಿ ಸಲ ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳಿ: ಸೆಕೆಂಡಿಗೆ ಎಷ್ಟು ಪುಟಗಳು ಹೊರಬಂದವು, ಒಂದು ಪುಟಕ್ಕೆ ಎಷ್ಟು ಹೊತ್ತು ಹಿಡಿಯಿತು.

ಒಂದು ಹಂತದವರೆಗೆ ಮೊದಲ ಅಂಕಿ ಏರುತ್ತದೆ. ಆಮೇಲೆ ಅದು ನಿಂತು ಎರಡನೆಯದು ಮಾತ್ರ ಏರತೊಡಗುತ್ತದೆ. ಆ ತಿರುವಿನಲ್ಲಿರುವ ಸಂಖ್ಯೆಯೇ ನಿಮ್ಮ ಬ್ಯಾಕೆಂಡಿನ ಮಿತಿ.

ನಮ್ಮ ಉದಾಹರಣೆಯಲ್ಲಿ ಆ ಸಂಖ್ಯೆ 8, ಆಗ ಒಂದು ಪುಟಕ್ಕೆ 200 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. ಒಂದು ಪ್ರಕ್ರಿಯೆ ಸೆಕೆಂಡಿಗೆ 5 ಪುಟ ಕೊಡುತ್ತದೆ, ಎಂಟು ಸೇರಿ 40. ಈಗ ಹಲವರು ‘ಪ್ರಕ್ರಿಯೆಗಳನ್ನು 40ಕ್ಕೆ ಏರಿಸಿದರೆ ಸೆಕೆಂಡಿಗೆ 200 ಪುಟ ಬರಬೇಕಲ್ಲವೇ’ ಎನ್ನುತ್ತಾರೆ. ಬರುವುದಿಲ್ಲ. ಎರಡು ಕೋರ್‌ಗಳೂ ಆಗಲೇ ಪೂರ್ತಿ ದುಡಿಯುತ್ತಿವೆ. ನಲವತ್ತು ಪ್ರಕ್ರಿಯೆಗಳು ಅವನ್ನೇ ಹಂಚಿಕೊಂಡರೆ ಪ್ರತಿ ಪುಟಕ್ಕೆ ಒಂದು ಸೆಕೆಂಡ್ ಹಿಡಿಯುತ್ತದೆ, ಒಟ್ಟು ಮತ್ತೆ ಸೆಕೆಂಡಿಗೆ 40. ಮೇಲಾಗಿ ನಲವತ್ತು ಪ್ರಕ್ರಿಯೆಗಳ ಮೆಮೊರಿ ಬೇಕು, ಡೇಟಾಬೇಸಿನಲ್ಲಿ ನಲವತ್ತು ಸಂಪರ್ಕಗಳು ಒಂದೇ ದಾಖಲೆಯನ್ನು ಹಿಡಿಯಲು ಜಗ್ಗಾಡುತ್ತವೆ. ಮೆಮೊರಿ ಮುಗಿದು ಸರ್ವರ್ ಡಿಸ್ಕಿನ ಸ್ವಾಪ್‌ಗೆ ಇಳಿದರೆ ಆ 40 ಕೂಡ ಉಳಿಯುವುದಿಲ್ಲ.

ತೋಟದಲ್ಲಿ ಪಲ್ಪರ್ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಫಿ ಹಣ್ಣನ್ನು ಹದವಾಗಿ ಬಿಟ್ಟರೆ ಯಂತ್ರ ಸಲೀಸಾಗಿ ಸಿಪ್ಪೆ ಬಿಡಿಸುತ್ತದೆ, ಒಮ್ಮೆಲೇ ಸುರಿದರೆ ಕಟ್ಟಿಕೊಳ್ಳುತ್ತದೆ. ಹಣ್ಣು ಕಾಯಬೇಕಾದದ್ದು ತೊಟ್ಟಿಯಲ್ಲಿ, ಯಂತ್ರದ ಬಾಯಲ್ಲಿ ಅಲ್ಲ.

ಅಳೆದ ಸಂಖ್ಯೆಯನ್ನು ಪಿಎಚ್‌ಪಿ ಪ್ರಕ್ರಿಯೆಗಳನ್ನು ನಡೆಸುವ ಎಫ್‌ಪಿಎಂನ ಕಡತದ ‘ಮ್ಯಾಕ್ಸ್ ಚಿಲ್ಡ್ರನ್’ ಸೆಟ್ಟಿಂಗ್‌ಗೆ ಕೊಡಿ. ಪುಟ ಹೆಚ್ಚಿನ ಹೊತ್ತು ಹೊರಗಿನ ಸೇವೆಯ ಉತ್ತರಕ್ಕಾಗಿ, ಉದಾಹರಣೆಗೆ ಪಾವತಿ ಗೇಟ್‌ವೇಗಾಗಿ, ಕಾಯುವಂಥದ್ದಾದರೆ ಆಗ ಸಿಪಿಯು ಖಾಲಿ ಇರುತ್ತದೆ. ಅಂಥ ಕಡೆ ಸಂಖ್ಯೆ ದೊಡ್ಡದಾಗಿರಬಹುದು. ಹಾಗೆ ಏರಿಸುವಾಗ ಮೈಎಸ್‌ಕ್ಯೂಎಲ್ ಮೂಲ ಸ್ಥಿತಿಯಲ್ಲಿ 151 ಸಂಪರ್ಕಗಳನ್ನು ಮಾತ್ರ ಒಪ್ಪುತ್ತದೆ, ಇನ್ನೊಂದು ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ 100 ಅನ್ನು ಮಾತ್ರ ಎಂಬುದು ನೆನಪಿರಲಿ. ಏನೇ ಆಗಲಿ, ಊಹೆಯ ಮೇಲೆ ಏರಿಸಬೇಡಿ, ಮತ್ತೆ ಅಳೆಯಿರಿ.

ಹಂತ 2: ಕಾಯುವ ಸಾಲಿನ ಉದ್ದವನ್ನು ನಿರ್ಧರಿಸಿ

ಸೆಕೆಂಡಿಗೆ 40 ಕೊಡುವ ಸರ್ವರ್‌ಗೆ ಸೆಕೆಂಡಿಗೆ 60 ಕೋರಿಕೆಗಳು ಬರತೊಡಗಿದವು ಎನ್ನಿ. ಪ್ರತಿ ಸೆಕೆಂಡಿಗೆ 20 ಉಳಿಯುತ್ತವೆ. ಅರ್ಧ ನಿಮಿಷದಲ್ಲಿ ಸಾಲಿನಲ್ಲಿ 600 ಕೋರಿಕೆಗಳು. ಕೊನೆಯಲ್ಲಿ ನಿಂತವರು 15 ಸೆಕೆಂಡ್ ಕಾಯಬೇಕು. ಒಂದು ನಿಮಿಷಕ್ಕೆ 1,200 ಕೋರಿಕೆಗಳು, 30 ಸೆಕೆಂಡ್ ಕಾಯುವಿಕೆ. ಅಷ್ಟು ಹೊತ್ತು ಯಾರೂ ಸುಮ್ಮನೆ ಕೂರುವುದಿಲ್ಲ, ಪುಟವನ್ನು ಮತ್ತೆ ತೆರೆಯುತ್ತಾರೆ. ಆಗ ಹಳೆಯ ಕೋರಿಕೆಯೂ ಸಾಲಿನಲ್ಲಿ, ಹೊಸದೂ ಸಾಲಿನಲ್ಲಿ. ಸರ್ವರ್ ಆ ಹೊತ್ತಿಗೆ ಯಾರೂ ನೋಡದ ಪುಟಗಳನ್ನು ತಯಾರಿಸುತ್ತಾ ಬೆವರಿಳಿಸುತ್ತಿರುತ್ತದೆ. ದಟ್ಟಣೆ ಇಳಿದ ಮೇಲೂ ತಾಣ ಬಹಳ ಹೊತ್ತು ಮೇಲೇಳದಿರುವುದಕ್ಕೆ ಕಾರಣ ಇದು.

ಆದ್ದರಿಂದ ಸಾಲಿಗೆ ಮಿತಿ ಬೇಕು, ಆ ಮಿತಿಯನ್ನು ಲೆಕ್ಕದಿಂದ ಪಡೆಯಬಹುದು: ಸೆಕೆಂಡಿಗೆ ಮುಗಿಯುವ ಕೋರಿಕೆಗಳನ್ನು ಗ್ರಾಹಕರು ಸಹಿಸಬಲ್ಲ ಸೆಕೆಂಡುಗಳಿಂದ ಗುಣಿಸಿ. ಸಹನೆ 5 ಸೆಕೆಂಡ್ ಎಂದುಕೊಂಡರೆ 40 ಗುಣಿಸು 5, ಅಂದರೆ 200.

ಪಿಎಚ್‌ಪಿ ಜೋಡಣೆಯಲ್ಲಿ ಈ ಸಾಲು ಎಂಜಿನ್‌ಎಕ್ಸ್ ಬಂದು ಸೇರುವ ಬಾಗಿಲಾದ ಎಫ್‌ಪಿಎಂನ ಸಾಕೆಟ್‌ನಲ್ಲಿರುತ್ತದೆ, ಅದರ ಉದ್ದ ‘ಲಿಸನ್ ಬ್ಯಾಕ್‌ಲಾಗ್’. ಲಿನಕ್ಸಿನಲ್ಲಿ ಅದರ ಮೂಲ ಬೆಲೆ 511. ಅದನ್ನು 200 ಮಾಡಿ. ಲಿನಕ್ಸಿನ ‘ಸೋಮ್ಯಾಕ್ಸ್‌ಕಾನ್’ ಎಂಬ ಇನ್ನೊಂದು ಮಿತಿ ಇದರ ಮೇಲೆ ಕೂತಿರುತ್ತದೆ. ಕರ್ನಲ್ 5.4ರಿಂದ ಅದು 4096. ಅದಕ್ಕಿಂತ ಹಳೆಯ ಕರ್ನಲ್‌ಗಳಲ್ಲಿ 128 ಮಾತ್ರ ಇತ್ತು, ಅಂಥ ಸರ್ವರ್‌ನಲ್ಲಿ ನೀವು 200 ಎಂದು ಬರೆದರೂ ಸಿಗುವುದು 128. ಎಂಜಿನ್‌ಎಕ್ಸ್ ಮತ್ತು ಪಿಎಚ್‌ಪಿ ಒಂದೇ ಯಂತ್ರದಲ್ಲಿದ್ದರೆ ಯುನಿಕ್ಸ್ ಸಾಕೆಟ್ ಬಳಸಿ ಎನ್ನುವುದು ನನ್ನ ಸಲಹೆ. ಸಾಲು ತುಂಬಿದಾಗ ಯುನಿಕ್ಸ್ ಸಾಕೆಟ್ ತಕ್ಷಣ ‘ಇಲ್ಲ’ ಎನ್ನುತ್ತದೆ, ಎಂಜಿನ್‌ಎಕ್ಸ್ ಆ ಕ್ಷಣವೇ 502 ದೋಷ ಕೊಡುತ್ತದೆ. ಜಾಲದ ಮೂಲಕ ಹೋಗುವ ಟಿಸಿಪಿ ಸಾಕೆಟ್ ಆದರೆ ಕರ್ನಲ್ ಸಂಪರ್ಕದ ಯತ್ನವನ್ನು ಸದ್ದಿಲ್ಲದೆ ಕೈಬಿಡುತ್ತದೆ, ಇತ್ತ ಪ್ರಾಕ್ಸಿಯ ಕಡೆಯ ಕರ್ನಲ್ ಮತ್ತೆ ಮತ್ತೆ ಯತ್ನಿಸುತ್ತಾ ಗ್ರಾಹಕರನ್ನು ಸುಮ್ಮನೆ ಕಾಯಿಸುತ್ತದೆ.

ಆ 502 ಗ್ರಾಹಕರ ಕಣ್ಣಿಗೆ ಹಾಗೆಯೇ ಬೀಳಬಾರದು. ‘ಎರರ್ ಪೇಜ್’ ಸೆಟ್ಟಿಂಗ್ ಬಳಸಿ 502 ಅನ್ನು 503 (‘ಸದ್ಯಕ್ಕೆ ಸೇವೆ ಇಲ್ಲ’) ಆಗಿ ಬದಲಿಸಿ, ಪಿಎಚ್‌ಪಿಯ ಹಂಗಿಲ್ಲದ ಒಂದು ಸ್ಥಿರ ಪುಟ ತೋರಿಸಿ. ‘ಈಗ ಬುಕಿಂಗ್ ಒತ್ತಡ ಹೆಚ್ಚಾಗಿದೆ, ಎರಡು ನಿಮಿಷ ಬಿಟ್ಟು ಪ್ರಯತ್ನಿಸಿ’ ಎಂಬ ಒಂದು ಸಾಲು, ಕೆಳಗೆ ಹೋಂಸ್ಟೇಯ ದೂರವಾಣಿ ಸಂಖ್ಯೆ. ಮಲೆನಾಡಿನಲ್ಲಿ ಎಷ್ಟೋ ಬುಕಿಂಗ್‌ಗಳು ಕೊನೆಗೆ ಫೋನಿನಲ್ಲೇ ಗಟ್ಟಿಯಾಗುತ್ತವೆ. ಆ ಸಂಖ್ಯೆ ಕಂಡರೆ ಗ್ರಾಹಕರು ಬೇರೆ ತಾಣಕ್ಕೆ ಹೋಗುವ ಬದಲು ಕರೆ ಮಾಡುತ್ತಾರೆ.

ಬ್ಯಾಕೆಂಡ್ ಪಿಎಚ್‌ಪಿ ಅಲ್ಲದೆ ನೋಡ್ ಅಥವಾ ಜಾವಾ ಆಗಿದ್ದರೆ ಏಕಕಾಲದ ಮಿತಿಯನ್ನು ಪ್ರಾಕ್ಸಿಯಲ್ಲೇ ಹಾಕಬೇಕಾಗುತ್ತದೆ. ಎಂಜಿನ್‌ಎಕ್ಸ್‌ನ ‘ಅಪ್‌ಸ್ಟ್ರೀಮ್’ ವಿಭಾಗದಲ್ಲಿ ಪ್ರತಿ ಸರ್ವರ್‌ಗೆ ‘ಮ್ಯಾಕ್ಸ್ ಕನ್ಸ್’ ಕೊಡಬಹುದು. ಎರಡು ಎಚ್ಚರಿಕೆಗಳಿವೆ. ‘ಝೋನ್’ ಎಂಬ ಹಂಚಿಕೆಯ ಮೆಮೊರಿ ಕೊಡದಿದ್ದರೆ ಪ್ರತಿ ವರ್ಕರ್ ತನ್ನದೇ ಲೆಕ್ಕ ಇಡುತ್ತದೆ. 8 ಎಂದು ಬರೆದರೆ ಎರಡು ವರ್ಕರ್‌ಗಳಿಂದ 16 ಒಳಗೆ ಹೋಗುತ್ತವೆ. ಇನ್ನೊಂದು, ಮಿತಿ ತುಂಬಿದ ಮೇಲೆ ಬಂದವರನ್ನು ಸಾಲಿನಲ್ಲಿ ನಿಲ್ಲಿಸುವ ‘ಕ್ಯೂ’ ಸೌಲಭ್ಯ ಹಣ ಕೊಟ್ಟು ಪಡೆಯುವ ಆವೃತ್ತಿಯಲ್ಲಿ ಮಾತ್ರ ಇದೆ. ಉಚಿತ ಆವೃತ್ತಿ ಅವರನ್ನು ಕೂಡಲೇ ದೋಷದೊಂದಿಗೆ ಹಿಂದಿರುಗಿಸುತ್ತದೆ. ಅಂಥಲ್ಲಿ ನನ್ನ ಆಯ್ಕೆ ವಿಲ್ಲಿ ಟಾರೋ ಅವರ ಎಚ್‌ಎ ಪ್ರಾಕ್ಸಿ. ಅದು ಉಚಿತ, ಅದರ ಕಡತದ ‘ಸರ್ವರ್’ ಎಂದು ಶುರುವಾಗುವ ಸಾಲಿನಲ್ಲಿ ‘ಮ್ಯಾಕ್ಸ್‌ಕಾನ್ 8’, ಮೇಲೆ ‘ಟೈಮ್‌ಔಟ್ ಕ್ಯೂ 5 ಸೆಕೆಂಡ್’ ಎಂದು ಬರೆದರೆ ಎಂಟು ಒಳಗೆ, ಉಳಿದವು ಪ್ರಾಕ್ಸಿಯ ಸರದಿಯಲ್ಲಿ. ಐದು ಸೆಕೆಂಡಿನೊಳಗೆ ಸರದಿ ಬಾರದಿದ್ದರೆ 503. ಪ್ರತಿ ಕೋರಿಕೆ ಸರದಿಯಲ್ಲಿ ಎಷ್ಟು ಮಿಲಿಸೆಕೆಂಡ್ ನಿಂತಿತ್ತು ಎಂಬುದನ್ನು ಅದರ ಲಾಗ್ ತೋರಿಸುತ್ತದೆ. ಆ ಅಂಕಿಯ ಬೆಲೆ ಸಾಲು ರಜೆಯ ಹಿಂದಿನ ಸಂಜೆ ಗೊತ್ತಾಗುತ್ತದೆ.

ಹಂತ 3: ಪ್ರಾಕ್ಸಿಯ ಸ್ವಂತ ಮಿತಿಗಳನ್ನು ಸಡಿಲಿಸಿ

ಇದು ಚಿಕ್ಕ ಕೆಲಸ. ‘ವರ್ಕರ್ ಪ್ರೊಸೆಸಸ್’ ಅನ್ನು ‘ಆಟೋ’ಗೆ ಬಿಡಿ. ‘ವರ್ಕರ್ ಕನೆಕ್ಷನ್ಸ್’ ಮೂಲ ಬೆಲೆ 512. ಮುಂದೆ ಕಳುಹಿಸುವ ಪ್ರತಿ ಕೋರಿಕೆಗೆ ಗ್ರಾಹಕರ ಕಡೆ ಒಂದು, ಬ್ಯಾಕೆಂಡ್ ಕಡೆ ಒಂದು, ಹೀಗೆ ಎರಡು ಸಂಪರ್ಕಗಳು ಖರ್ಚಾಗುತ್ತವೆ ಎಂಬುದನ್ನು ಲೆಕ್ಕಕ್ಕೆ ಹಿಡಿದು 4096 ಕೊಡಿ. ಪ್ರತಿ ಸಂಪರ್ಕವೂ ಲಿನಕ್ಸಿನ ಕಣ್ಣಿಗೆ ತೆರೆದ ಕಡತವೇ ಆದ್ದರಿಂದ ‘ವರ್ಕರ್ ಆರ್‌ಲಿಮಿಟ್ ನೋಫೈಲ್’ ಅನ್ನು ಅದರ ಎರಡರಷ್ಟು, 8192, ಇಡಿ. ಮುಂಬಾಗಿಲು ಅಗಲವಾಗಿರಲಿ, ಒಳಬಾಗಿಲು ಹಂತ 1ರ ಅಳತೆಯಲ್ಲೇ ಇರಲಿ.

ಹಂತ 4: ಸಿಗ್ನಲ್ ದುರ್ಬಲವಿದ್ದವರಿಗಾಗಿ ಬಫರ್

ನಮ್ಮ ಜಿಲ್ಲೆಗೆ ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಪರೀಕ್ಷಿಸಿದವರಿಗೆ ಇದರ ಅಗತ್ಯ ಕಾಣುವುದೇ ಇಲ್ಲ. ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲೋ ಕಳಸದ ಆಚೆಯ ತೋಟದಲ್ಲೋ ನಿಂತವರ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಬಂದರೆ ಅದೇ ಹೆಚ್ಚು. 120 ಕೆಬಿಯ ಪುಟ, ಸೆಕೆಂಡಿಗೆ 10 ಕೆಬಿ ವೇಗ ಎಂದರೆ ಪುಟ ತಲುಪಲು 12 ಸೆಕೆಂಡ್. ಪುಟ ತಯಾರಿಸಲು ಪಿಎಚ್‌ಪಿಗೆ ಬೇಕಾದದ್ದು 200 ಮಿಲಿಸೆಕೆಂಡ್ ಮಾತ್ರ. ಆದರೆ ಕೊನೆಯ ತುಣುಕು ಹೋಗುವವರೆಗೆ ಪ್ರಕ್ರಿಯೆ ಅಲ್ಲೇ ನಿಂತಿದ್ದರೆ ಅದು ಅರವತ್ತು ಪಟ್ಟು ಹೆಚ್ಚು ಹೊತ್ತು ಬಂಧಿ. ಅಂಥ ಎಂಟು ಜನ ಒಟ್ಟಿಗೆ ಬಂದರೆ ಎಂಟೂ ಪ್ರಕ್ರಿಯೆಗಳು ಮುಗಿದವು. ಸಿಪಿಯು ಖಾಲಿ, ತಾಣ ಸ್ತಬ್ಧ.

ಪ್ರಾಕ್ಸಿ ಈ ಭಾರವನ್ನು ತನ್ನ ಮೇಲೆ ಎಳೆದುಕೊಳ್ಳುತ್ತದೆ. ಬ್ಯಾಕೆಂಡಿನಿಂದ ಉತ್ತರವನ್ನು ಪೂರ್ತಿ ವೇಗದಲ್ಲಿ ಪಡೆದು ಬಫರ್ ಎಂಬ ತಾತ್ಕಾಲಿಕ ಮೆಮೊರಿಯಲ್ಲಿಟ್ಟುಕೊಂಡು, ಪಿಎಚ್‌ಪಿ ಪ್ರಕ್ರಿಯೆಯನ್ನು ಬಿಡುಗಡೆ ಮಾಡಿ, ಆಮೇಲೆ ಗ್ರಾಹಕರ ವೇಗಕ್ಕೆ ತಕ್ಕಂತೆ ನಿಧಾನವಾಗಿ ಕಳುಹಿಸುತ್ತದೆ. ಈ ಬಫರಿಂಗ್ ಎಂಜಿನ್‌ಎಕ್ಸ್‌ನಲ್ಲಿ ಮೂಲತಃ ಚಾಲೂ ಇರುತ್ತದೆ. ಅದನ್ನು ‘ಆಫ್’ ಮಾಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ತುಣುಕು ತುಣುಕಾಗಿ ನೇರ ಮಾಹಿತಿ ಕಳುಹಿಸುವ ಪುಟವಿದ್ದರೆ ಆ ಒಂದು ವಿಳಾಸಕ್ಕೆ ಮಾತ್ರ ಆಫ್ ಮಾಡಿದರಾಯಿತು.

ಬಫರಿನ ಗಾತ್ರ ನೋಡಿಕೊಳ್ಳಬೇಕು. ಸಾಮಾನ್ಯ ಯಂತ್ರಗಳಲ್ಲಿ ಅದು 4 ಕೆಬಿಯ 8 ತುಂಡುಗಳು, ಅಂದರೆ 32 ಕೆಬಿ. ನಮ್ಮ 120 ಕೆಬಿ ಪುಟ ಅದರಲ್ಲಿ ಹಿಡಿಸುವುದಿಲ್ಲ. ಗ್ರಾಹಕರು ನಿಧಾನವಿದ್ದಾಗ ಮಿಕ್ಕಿದ್ದನ್ನು ಎಂಜಿನ್‌ಎಕ್ಸ್ ಡಿಸ್ಕಿನ ತಾತ್ಕಾಲಿಕ ಕಡತಕ್ಕೆ ಬರೆಯುತ್ತದೆ, ಎರರ್ ಲಾಗ್‌ನ ಮಟ್ಟ ‘ವಾರ್ನ್’ ಆಗಿದ್ದರೆ ಹಾಗೆ ಬರೆದಾಗಲೆಲ್ಲ ಅಲ್ಲಿ ಎಚ್ಚರಿಕೆಯ ಸಾಲು ಬೀಳುತ್ತದೆ. ಜಿಜಿಪ್ ಮೂಲಕ ಕುಗ್ಗಿಸುವ ಕೆಲಸ ಎಂಜಿನ್‌ಎಕ್ಸ್‌ನದ್ದೇ ಆಗಿದ್ದರೆ ಅದು ಬ್ಯಾಕೆಂಡಿನಿಂದ ಪುಟ ಬಂದ ಮೇಲೆ ನಡೆಯುವಂಥದ್ದು, ಹಾಗಾಗಿ ಇಲ್ಲಿ ಲೆಕ್ಕಕ್ಕೆ ಬರುವುದು ಕುಗ್ಗಿಸದ ಗಾತ್ರ. 16 ಕೆಬಿಯ 16 ತುಂಡುಗಳನ್ನು ಕೊಟ್ಟರೆ 256 ಕೆಬಿವರೆಗಿನ ಪುಟ ಮೆಮೊರಿಯಲ್ಲೇ ಉಳಿಯುತ್ತದೆ. ಏಕಕಾಲಕ್ಕೆ ನೂರು ಜನ ನಿಧಾನಿಗಳಿದ್ದರೂ 25 ಎಂಬಿ ಆಸುಪಾಸು, ಅಷ್ಟೆ.

ಎದುರು ದಿಕ್ಕಿನಲ್ಲೂ ಇದೇ ಕಥೆ. ಹೋಂಸ್ಟೇ ಮಾಲೀಕರು ಕೋಣೆಯ ಫೋಟೋ ಏರಿಸುವಾಗ 4 ಎಂಬಿ ಚಿತ್ರ ಬರಲು ಒಂದು ನಿಮಿಷವೇ ಹಿಡಿಯಬಹುದು. ಎಂಜಿನ್‌ಎಕ್ಸ್ ಪೂರ್ತಿ ಚಿತ್ರವನ್ನು ತಾನು ಪಡೆದ ಮೇಲಷ್ಟೇ ಬ್ಯಾಕೆಂಡಿಗೆ ಕೊಡುತ್ತದೆ. ಒಂದೇ ತೊಡಕೆಂದರೆ ‘ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್’ ಮೂಲತಃ 1 ಎಂಬಿ. ಮೀರಿದರೆ 413 ದೋಷ. ಫೋಟೋ ಏರಿಸುವ ವಿಳಾಸಕ್ಕೆ ಮಾತ್ರ ಅದನ್ನು 10 ಎಂಬಿ ಮಾಡಿ.

ಹಂತ 5: ಎಲ್ಲರೂ ನೋಡುವ ಪುಟವನ್ನು ಒಮ್ಮೆ ಮಾತ್ರ ತಯಾರಿಸಿ

ಕಾಫಿ ದರದ ಪುಟದಲ್ಲಿ ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ, ಈ ನಾಲ್ಕರ 50 ಕೆಜಿ ಮೂಟೆಯ ದರಗಳಿರುತ್ತವೆ. ನೋಡುವವರು ಎಷ್ಟೇ ಇದ್ದರೂ ಪುಟ ಒಂದೇ. ದರ ಬದಲಾಗುವ ಹೊತ್ತಿಗೆ ಬೆಳೆಗಾರರೆಲ್ಲ ಒಟ್ಟಿಗೆ ತೆರೆಯುತ್ತಾರೆ. ಪ್ರತಿಯೊಬ್ಬರಿಗೂ ಡೇಟಾಬೇಸ್ ಕೆದಕಿ ಅದೇ ನಾಲ್ಕು ಅಂಕಿಗಳನ್ನು ತೆಗೆದುಕೊಡುವುದು ಶುದ್ಧ ವ್ಯರ್ಥ.

ಒಮ್ಮೆ ತಯಾರಾದ ಪುಟವನ್ನು ಪ್ರಾಕ್ಸಿಯೇ ಇಟ್ಟುಕೊಂಡು ಎಲ್ಲರಿಗೂ ಕೊಡುವುದು ಕ್ಯಾಶ್. ಅದರ ಅವಧಿಯನ್ನು 10 ಸೆಕೆಂಡ್ ಇಟ್ಟರೂ ಸಾಕು. ಸೆಕೆಂಡಿಗೆ 60 ಕೋರಿಕೆ ಬಂದರೆ 10 ಸೆಕೆಂಡಿನಲ್ಲಿ 600. ಅವುಗಳಲ್ಲಿ ಬ್ಯಾಕೆಂಡಿಗೆ ಹೋಗುವುದು ಒಂದು. ಹಾಗೆ ಒಂದೇ ಹೋಗಬೇಕಾದರೆ ‘ಕ್ಯಾಶ್ ಲಾಕ್’ ಅನ್ನು ಆನ್ ಮಾಡಲೇಬೇಕು, ಮೂಲ ಸ್ಥಿತಿಯಲ್ಲಿ ಅದು ಆಫ್ ಆಗಿರುತ್ತದೆ. ಅದು ಇಲ್ಲದಿದ್ದರೆ ಪುಟ ಕ್ಯಾಶಿನಲ್ಲಿ ಇಲ್ಲದ ಕ್ಷಣದಲ್ಲಿ ಬಂದ ಐವತ್ತು ಕೋರಿಕೆಗಳೂ ಒಟ್ಟಿಗೆ ಒಳನುಗ್ಗುತ್ತವೆ. ಜೊತೆಗೆ ‘ಕ್ಯಾಶ್ ಯೂಸ್ ಸ್ಟೇಲ್’ ಸೆಟ್ಟಿಂಗ್‌ಗೆ ‘ಅಪ್‌ಡೇಟಿಂಗ್’, ‘ಎರರ್’, ‘ಟೈಮ್‌ಔಟ್’ ಎಂಬ ಮೂರು ಪದಗಳನ್ನು ಕೊಡಿ. ಹೊಸ ಪುಟ ತಯಾರಾಗುವವರೆಗೆ, ಅಥವಾ ಬ್ಯಾಕೆಂಡ್ ಬಿದ್ದಾಗಲೂ, ಇತ್ತೀಚಿನ ಹಳೆಯ ಪುಟ ಎಲ್ಲರಿಗೂ ಸಿಗುತ್ತದೆ.

ಇಷ್ಟೆಲ್ಲ ಮಾಡಿದರೂ ಕ್ಯಾಶ್ ಆಗುತ್ತಿಲ್ಲವೆಂದರೆ ಆ ಪುಟದಲ್ಲಿ ಪಿಎಚ್‌ಪಿ ಸೆಷನ್ (ಪ್ರತಿ ಗ್ರಾಹಕರನ್ನು ನೆನಪಿಟ್ಟುಕೊಳ್ಳುವ ವ್ಯವಸ್ಥೆ) ಶುರುವಾಗುತ್ತಿದೆಯೇ ನೋಡಿ. ಸೆಷನ್ ಶುರುವಾದರೆ ಕುಕಿಯೂ ‘ಕ್ಯಾಶ್ ಮಾಡಬೇಡಿ’ ಎಂಬ ಸೂಚನೆಯೂ ಹೊರಡುತ್ತವೆ, ಎಂಜಿನ್‌ಎಕ್ಸ್ ಅವನ್ನು ಗೌರವಿಸುತ್ತದೆ. ಆ ಸೂಚನೆಗಳನ್ನು ಕಡೆಗಣಿಸುವ ಸೆಟ್ಟಿಂಗ್ ಇದೆ, ಅದರ ಹತ್ತಿರ ಹೋಗಬೇಡಿ. ಒಬ್ಬರ ಬುಕಿಂಗ್ ವಿವರ ಇನ್ನೊಬ್ಬರ ಪರದೆಯಲ್ಲಿ ಕಾಣಿಸಿಕೊಳ್ಳುವ ಅಪಾಯ ಅಲ್ಲಿದೆ. ದರದ ಪುಟಕ್ಕೆ ಸೆಷನ್ ಬೇಕಿಲ್ಲ, ಅಲ್ಲಿಂದ ಅದನ್ನು ತೆಗೆಯಿಸಿ.

ಹಂತ 6: ಟೈಮ್‌ಔಟ್‌ಗಳು ಒಳಗಿನಿಂದ ಹೊರಕ್ಕೆ ಬೆಳೆಯಲಿ

ಬುಕಿಂಗ್ ಗುಂಡಿ ಒತ್ತಿದ ಮೇಲೆ ನಡೆಯುವುದನ್ನು ಹತ್ತಿರದಿಂದ ನೋಡೋಣ. ಕೋರಿಕೆ ಪಿಎಚ್‌ಪಿಗೆ ಹೋಯಿತು, ಪಿಎಚ್‌ಪಿ ಡೇಟಾಬೇಸಿನಲ್ಲಿ ಆ ಕೋಣೆಯ ದಾಖಲೆಯನ್ನು ಲಾಕ್ ಮಾಡಲು ಕಾಯುತ್ತಿದೆ. 60 ಸೆಕೆಂಡ್ ಏನೂ ಬಾರದಿದ್ದರೆ ಎಂಜಿನ್‌ಎಕ್ಸ್ 504 ಕೊಟ್ಟು ಕೈತೊಳೆದುಕೊಳ್ಳುತ್ತದೆ. ಆದರೆ ಪಿಎಚ್‌ಪಿಗೆ ಇದು ಗೊತ್ತಿಲ್ಲ. ಅದು ಮುಂದುವರಿದು ಲಾಕ್ ಪಡೆದು ಕೋಣೆಯನ್ನು ಕಾಯ್ದಿರಿಸಿಯೇ ಬಿಡುತ್ತದೆ. ಗ್ರಾಹಕರು ‘ಆಗಲಿಲ್ಲ’ ಎಂದುಕೊಂಡು ಮತ್ತೆ ಒತ್ತುತ್ತಾರೆ.

ಇದನ್ನು ತಡೆಯಲು ಒಳಗಿನ ಗಡುವು ಚಿಕ್ಕದಾಗಿ, ಹೊರಗಿನದು ದೊಡ್ಡದಾಗಿ ಇರಬೇಕು. ಮೈಎಸ್‌ಕ್ಯೂಎಲ್‌ನ ‘ಇನ್ನೋಡಿಬಿ ಲಾಕ್ ವೇಟ್ ಟೈಮ್‌ಔಟ್’ ಮೂಲತಃ 50 ಸೆಕೆಂಡ್. ಅದನ್ನು 5 ಮಾಡಿ. ಎಫ್‌ಪಿಎಂನ ‘ರಿಕ್ವೆಸ್ಟ್ ಟರ್ಮಿನೇಟ್ ಟೈಮ್‌ಔಟ್’ ಅನ್ನು 20 ಸೆಕೆಂಡ್ ಮಾಡಿ. ಪಿಎಚ್‌ಪಿಯ ‘ಮ್ಯಾಕ್ಸ್ ಎಕ್ಸಿಕ್ಯೂಶನ್ ಟೈಮ್’ ಒಂದನ್ನೇ ನಂಬಬೇಡಿ, ಲಿನಕ್ಸಿನಲ್ಲಿ ಅದು ಡೇಟಾಬೇಸಿಗಾಗಿ ಕಾಯುವ ಹೊತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಂಜಿನ್‌ಎಕ್ಸ್‌ನ ‘ರೀಡ್ ಟೈಮ್‌ಔಟ್’ ಅನ್ನು ಸಾಲಿನಲ್ಲಿ ನಿಲ್ಲುವ 5 ಸೆಕೆಂಡನ್ನೂ ಸೇರಿಸಿ 30 ಇಡಿ. ಆಗ ಯಾವುದೇ ಕೆಲಸ ವಿಫಲವಾದರೂ ಒಳಗೇ ವಿಫಲವಾಗಿ, ಅದರ ಸುದ್ದಿ ಹೊರಗೆ ತಲುಪುತ್ತದೆ.

ಇಷ್ಟಾದ ಮೇಲೂ ಎರಡು ಸಲ ಗುಂಡಿ ಒತ್ತುವವರು ಇದ್ದೇ ಇರುತ್ತಾರೆ. ಅದಕ್ಕೆ ಪ್ರಾಕ್ಸಿಯಲ್ಲಿ ಮದ್ದಿಲ್ಲ. ಕೋಣೆ ಮತ್ತು ದಿನಾಂಕ ಸೇರಿ ಒಂದೇ ಸಲ ಬರಬೇಕು ಎಂಬ ಅನನ್ಯತೆಯ ನಿರ್ಬಂಧವನ್ನು ಡೇಟಾಬೇಸಿನಲ್ಲೇ ಹಾಕಿ. ಏಕಕಾಲಕ್ಕೆ ಹತ್ತು ಜನ ಒಂದೇ ಕೋಣೆಗೆ ಬಂದರೂ ಸಿಗುವುದು ಒಬ್ಬರಿಗೆ. ಡಿಸೆಂಬರ್ 31ರ ರಾತ್ರಿಗೆ ಎರಡು ಕುಟುಂಬಗಳು ಒಂದೇ ಕೋಣೆಯ ಮುಂದೆ ಬಂದು ನಿಂತರೆ ಮಾಲೀಕರ ಪಾಡು ಏನಾಗುತ್ತದೆ ಎಂದು ಯೋಚಿಸಿದರೆ ಈ ಒಂದು ಸಾಲನ್ನು ಯಾರೂ ಬಿಡುವುದಿಲ್ಲ.

ಹಂತ 7: ಎರಡನೇ ಬ್ಯಾಕೆಂಡ್ ಸೇರಿಸುವುದಾದರೆ

ಮೇಲಿನದೆಲ್ಲ ಮಾಡಿದ ಮೇಲೂ ಸಾಲು ಕರಗದಿದ್ದರೆ ಆಗ ಇನ್ನೊಂದು ಸರ್ವರ್. ಎಂಜಿನ್‌ಎಕ್ಸ್ ಮೂಲತಃ ಸರದಿಯಂತೆ ಅದಕ್ಕೊಂದು ಇದಕ್ಕೊಂದು ಹಂಚುತ್ತದೆ. ಎಲ್ಲ ಪುಟಗಳೂ ಒಂದೇ ಹೊತ್ತು ಹಿಡಿದರೆ ಅದು ಸರಿ. ಕೆಲವು ಪುಟ 50 ಮಿಲಿಸೆಕೆಂಡ್, ಮಾಲೀಕರ ತಿಂಗಳ ವರದಿ 5 ಸೆಕೆಂಡ್ ಎಂದಾದರೆ ‘ಲೀಸ್ಟ್ ಕನ್’ ಉತ್ತಮ. ಆ ಕ್ಷಣ ಯಾರ ಕೈಯಲ್ಲಿ ಕಡಿಮೆ ಕೆಲಸವಿದೆಯೋ ಅವರಿಗೆ ಹೋಗುತ್ತದೆ. ‘ಝೋನ್’ ಇಲ್ಲಿಯೂ ಬೇಕು. ‘ಐಪಿ ಹ್ಯಾಶ್’ ನನಗೆ ಇಷ್ಟವಿಲ್ಲ. ಅದು ಐಪಿವಿ4 ವಿಳಾಸದ ಮೊದಲ ಮೂರು ಭಾಗಗಳನ್ನು ಮಾತ್ರ ನೋಡುತ್ತದೆ, ಮೊಬೈಲ್ ಕಂಪನಿಗಳು ಅಸಂಖ್ಯ ಗ್ರಾಹಕರನ್ನು ಕೆಲವೇ ವಿಳಾಸಗಳ ಹಿಂದೆ ಇಡುತ್ತವೆ. ಅವರೆಲ್ಲ ಒಂದೇ ಸರ್ವರ್ ಮೇಲೆ ಬೀಳುತ್ತಾರೆ. ಸೆಷನ್‌ಗಳನ್ನು ಡೇಟಾಬೇಸಿನಲ್ಲೋ ಮೆಮೊರಿಯಲ್ಲಿ ಮಾಹಿತಿ ಇಡುವ ರೆಡಿಸ್‌ನಲ್ಲೋ ಇಟ್ಟರೆ ಯಾರು ಎಲ್ಲಿಗೆ ಹೋದರೂ ನಡೆಯುತ್ತದೆ.

ದಟ್ಟಣೆಯ ದಿನ ನಿಜವಾಗಿ ಕೈಕೊಡುವ ಸೆಟ್ಟಿಂಗ್ ‘ಮ್ಯಾಕ್ಸ್ ಫೇಲ್ಸ್’. ಮೂಲ ಬೆಲೆ 1: ಒಮ್ಮೆ ಸಂಪರ್ಕ ತಪ್ಪಿದರೆ ಆ ಸರ್ವರ್‌ಗೆ 10 ಸೆಕೆಂಡ್ ರಜೆ. ಮೊದಲನೆಯದು ಸುಸ್ತಾಗಿ ಒಂದು ತಪ್ಪು ಮಾಡಿತು, ಪೂರ್ತಿ ಹೊರೆ ಎರಡನೆಯದರ ಮೇಲೆ ಬಿತ್ತು, ಅದೂ ಕೆಲವೇ ಕ್ಷಣದಲ್ಲಿ ಕುಸಿಯಿತು. ಇದನ್ನು 3 ಅಥವಾ 5ಕ್ಕೆ ಏರಿಸಿ. ಒಂದು ಕೋರಿಕೆಯನ್ನು ಗರಿಷ್ಠ ಎರಡು ಸಲ ಮಾತ್ರ ಯತ್ನಿಸುವಂತೆ ‘ನೆಕ್ಸ್ಟ್ ಅಪ್‌ಸ್ಟ್ರೀಮ್ ಟ್ರೈಸ್’ ಅನ್ನು 2 ಮಾಡಿ. ಆಗಲೇ ಒಂದು ಸರ್ವರ್‌ಗೆ ತಲುಪಿದ ‘ಪೋಸ್ಟ್’ ಕೋರಿಕೆಯನ್ನು, ಅಂದರೆ ಬುಕಿಂಗ್‌ನಂಥದ್ದನ್ನು, 1.9.13 ಆವೃತ್ತಿಯಿಂದ ಈಚೆಗೆ ಎಂಜಿನ್‌ಎಕ್ಸ್ ತಾನಾಗಿ ಇನ್ನೊಂದಕ್ಕೆ ಕಳುಹಿಸುವುದಿಲ್ಲ. ‘ನಾನ್ ಐಡೆಂಪೊಟೆಂಟ್’ ಎಂಬ ಪದ ಸೇರಿಸಿ ಈ ರಕ್ಷಣೆಯನ್ನು ಕಳಚಬೇಡಿ.

ಬ್ಯಾಕೆಂಡ್ ನೋಡ್ ಅಥವಾ ಜಾವಾ ಆಗಿದ್ದರೆ ‘ಕೀಪ್‌ಅಲೈವ್’ ಮೂಲಕ ಸಂಪರ್ಕಗಳನ್ನು ತೆರೆದಿಟ್ಟು ಮರುಬಳಸುವುದು ಲಾಭ. ಆಗ ಬ್ಯಾಕೆಂಡ್ ಖಾಲಿ ಸಂಪರ್ಕವನ್ನು ಮುಚ್ಚುವ ಅವಧಿ ಪ್ರಾಕ್ಸಿಯದಕ್ಕಿಂತ ಹೆಚ್ಚಿರಬೇಕು. ನೋಡ್‌ನ ಅನೇಕ ಆವೃತ್ತಿಗಳಲ್ಲಿ ಅದು 5 ಸೆಕೆಂಡ್, ಎಂಜಿನ್‌ಎಕ್ಸ್‌ನಲ್ಲಿ 60. ಪ್ರಾಕ್ಸಿ ಬಳಸಲು ಹೋದ ಕ್ಷಣವೇ ಅತ್ತ ಮುಚ್ಚಿದರೆ ಆಗೊಮ್ಮೆ ಈಗೊಮ್ಮೆ ಕಾರಣವಿಲ್ಲದ 502 ಕಾಣಿಸುತ್ತದೆ. ಪಿಎಚ್‌ಪಿಗೆ ಮಾತ್ರ ಕೀಪ್‌ಅಲೈವ್ ಬೇಡ. ತೆರೆದಿಟ್ಟ ಪ್ರತಿ ಸಂಪರ್ಕ ಒಂದು ಪ್ರಕ್ರಿಯೆಯನ್ನು ಕಟ್ಟಿಹಾಕುತ್ತದೆ, ನಮ್ಮಲ್ಲಿರುವುದು ಎಂಟೇ.

ಹಂತ 8: ಒಬ್ಬರೇ ಎಲ್ಲವನ್ನೂ ಕಬಳಿಸದಂತೆ

‘ಲಿಮಿಟ್ ರೆಕ್’ ಬಳಸಿ ಒಂದು ಐಪಿ ವಿಳಾಸದಿಂದ ಬರುವ ಕೋರಿಕೆಗಳ ವೇಗಕ್ಕೆ ಕಡಿವಾಣ ಹಾಕಬಹುದು. ಇಡೀ ತಾಣಕ್ಕೆ ಹಾಕಬೇಡಿ. ಮೊದಲೇ ಹೇಳಿದಂತೆ ಒಂದು ವಿಳಾಸದ ಹಿಂದೆ ನೂರಾರು ನಿಜವಾದ ಗ್ರಾಹಕರು ಇರಬಹುದು. ಲಾಗಿನ್, ಒಟಿಪಿ, ಹುಡುಕಾಟ ಈ ಮೂರಕ್ಕೆ ಮಾತ್ರ ಹಾಕಿ. ‘ಬರ್ಸ್ಟ್’, ಅಂದರೆ ಒಮ್ಮೆಲೇ ಬಂದರೂ ಒಪ್ಪುವ ಹೆಚ್ಚುವರಿ ಕೋರಿಕೆಗಳು, ಧಾರಾಳವಾಗಿ 20 ಇರಲಿ, ತಿರಸ್ಕರಿಸಿದವರಿಗೆ 503ರ ಬದಲು 429 (‘ಕೋರಿಕೆಗಳು ಅತಿಯಾದವು’) ಹೋಗಲಿ. ನಿಮ್ಮ ಪ್ರಾಕ್ಸಿಯ ಮುಂದೆ ಸಿಡಿಎನ್ (ಪುಟಗಳನ್ನು ಹಲವು ಊರುಗಳಿಂದ ಹಂಚುವ ಮಧ್ಯವರ್ತಿ ಜಾಲ) ಇದ್ದರೆ, ಗ್ರಾಹಕರ ನಿಜವಾದ ವಿಳಾಸ ತಿಳಿಸುವ ‘ರಿಯಲ್ ಐಪಿ’ ಹೊಂದಿಸದೆ ಈ ಹಂತಕ್ಕೆ ಕೈಹಾಕಬೇಡಿ. ಇಲ್ಲದಿದ್ದರೆ ಎಲ್ಲ ಗ್ರಾಹಕರೂ ಸಿಡಿಎನ್‌ನ ಕೆಲವೇ ವಿಳಾಸಗಳಿಂದ ಬಂದವರಂತೆ ಕಂಡು ಎಲ್ಲರಿಗೂ ಬಾಗಿಲು ಮುಚ್ಚುತ್ತದೆ.

ಹಂತ 9: ಲಾಗ್ ಓದುವ ಅಭ್ಯಾಸ

ಆಕ್ಸೆಸ್ ಲಾಗ್‌ನ ವಿನ್ಯಾಸಕ್ಕೆ ‘ರಿಕ್ವೆಸ್ಟ್ ಟೈಮ್’ ಮತ್ತು ‘ಅಪ್‌ಸ್ಟ್ರೀಮ್ ರೆಸ್ಪಾನ್ಸ್ ಟೈಮ್’ ಎರಡನ್ನೂ ಸೇರಿಸಿ. ಮೊದಲನೆಯದು ಗ್ರಾಹಕರ ಕೋರಿಕೆಯ ಮೊದಲ ಬೈಟ್‌ನಿಂದ ಉತ್ತರ ಪೂರ್ತಿ ಹೊರಡುವವರೆಗಿನ ಹೊತ್ತು, ಎರಡನೆಯದು ಬ್ಯಾಕೆಂಡ್ ತೆಗೆದುಕೊಂಡ ಹೊತ್ತು. ಒಂದು ಸಾಲಿನಲ್ಲಿ 12.4 ಮತ್ತು 0.2 ಎಂದಿದ್ದರೆ ಅದು ಹಂತ 4ರ ತೋಟದ ಗ್ರಾಹಕರು. ನಿಮ್ಮ ಸರ್ವರ್ ಆರೋಗ್ಯವಾಗಿದೆ, ಪುಟದ ಗಾತ್ರ ಇಳಿಸುವುದನ್ನು ಯೋಚಿಸಿ. 5.3 ಮತ್ತು 5.2 ಎಂದಿದ್ದರೆ ಬ್ಯಾಕೆಂಡ್ ನಿಧಾನ, ಅಥವಾ ಕೋರಿಕೆ ಸಾಲಿನಲ್ಲಿ ನಿಂತಿತ್ತು. ಎರಡರಲ್ಲಿ ಯಾವುದು ಎಂದು ತಿಳಿಯಲು ‘ಎಸ್‌ಎಸ್’ ಆಜ್ಞೆಯಲ್ಲಿ ಎಫ್‌ಪಿಎಂ ಸಾಕೆಟಿನ ಸಾಲನ್ನು ನೋಡಿ. ‘ರಿಸೀವ್ ಕ್ಯೂ’ ಅಂಕಣದಲ್ಲಿ ಆ ಕ್ಷಣ ಕಾಯುತ್ತಿರುವವರ ಸಂಖ್ಯೆಯೂ ‘ಸೆಂಡ್ ಕ್ಯೂ’ ಅಂಕಣದಲ್ಲಿ ನೀವು ಕೊಟ್ಟ 200 ಕೂಡ ಕಾಣುತ್ತವೆ. 499 ಸಂಕೇತಗಳು ಹೆಚ್ಚಿದರೆ ಜನ ಉತ್ತರ ಬರುವ ಮೊದಲೇ ಬಿಟ್ಟು ಹೋಗುತ್ತಿದ್ದಾರೆ ಎಂದರ್ಥ. ಹಂತ 2ರ ‘5 ಸೆಕೆಂಡ್ ಸಹನೆ’ ನಿಮ್ಮ ಗ್ರಾಹಕರಿಗೆ ಹೆಚ್ಚಾಯಿತು, ಸಾಲನ್ನು ಇನ್ನಷ್ಟು ಚಿಕ್ಕದು ಮಾಡಿ.

ಪರೀಕ್ಷೆಯನ್ನು ಕೊನೆಯಲ್ಲಿ ಇನ್ನೊಮ್ಮೆ ನಡೆಸಿ, ಈ ಸಲ ಬೇರೆ ರೀತಿ. ಅಪಾಚೆ ಬೆಂಚ್ ಉತ್ತರ ಬರುವವರೆಗೆ ಕಾದು ಮುಂದಿನದನ್ನು ಕಳುಹಿಸುತ್ತದೆ, ಹಾಗಾಗಿ ಸರ್ವರ್ ನಿಧಾನವಾದರೆ ತಾನೂ ನಿಧಾನವಾಗುತ್ತದೆ. ನಿಜವಾದ ಜನ ಹಾಗೆ ಮಾಡುವುದಿಲ್ಲ. ‘ವೆಜಿಟಾ’ ಅಥವಾ ‘ಕೆ6’ನಂಥ ಸಾಧನದಲ್ಲಿ ಸೆಕೆಂಡಿಗೆ 60 ಎಂದು ಸ್ಥಿರ ವೇಗ ಕೊಟ್ಟು ಎರಡು ನಿಮಿಷ ಬಿಡಿ. ಸರಿಯಾಗಿ ಹೊಂದಿಸಿದ ತಾಣದಲ್ಲಿ ಸೆಕೆಂಡಿಗೆ 40 ಪುಟಗಳು 5 ಸೆಕೆಂಡಿನ ಆಸುಪಾಸಿನಲ್ಲಿ ಬರುತ್ತಲೇ ಇರುತ್ತವೆ, ಉಳಿದ 20 ಮಂದಿಗೆ ದೂರವಾಣಿ ಸಂಖ್ಯೆಯ ಪುಟ ತಕ್ಷಣ ಸಿಗುತ್ತದೆ, ವೇಗ ಇಳಿಸಿದ ಕೆಲವೇ ಸೆಕೆಂಡಿನಲ್ಲಿ ಎಲ್ಲ ಸಹಜಕ್ಕೆ ಬರುತ್ತದೆ.

ಬದಲಾವಣೆಗಳನ್ನು ಜಾರಿಗೆ ತರುವಾಗ ಎಂಜಿನ್‌ಎಕ್ಸ್ ಅನ್ನು ‘ರೀಸ್ಟಾರ್ಟ್’ ಮಾಡದೆ, ಕಡತ ಸರಿಯಿದೆಯೇ ಎಂದು ಪರೀಕ್ಷಿಸುವ ಆಜ್ಞೆ ಕೊಟ್ಟು ‘ರೀಲೋಡ್’ ಮಾಡಿ; ಹಳೆಯ ವರ್ಕರ್‌ಗಳು ಕೈಯಲ್ಲಿದ್ದ ಕೋರಿಕೆಗಳನ್ನು ಮುಗಿಸಿಯೇ ಹೋಗುತ್ತವೆ. ಎಫ್‌ಪಿಎಂನಲ್ಲಿ ಆ ಸೌಜನ್ಯ ತಾನಾಗಿ ಇರುವುದಿಲ್ಲ, ಅದರ ‘ಪ್ರೊಸೆಸ್ ಕಂಟ್ರೋಲ್ ಟೈಮ್‌ಔಟ್’ ಮೂಲತಃ 0. ಅದನ್ನು 20 ಸೆಕೆಂಡ್ ಮಾಡಿಕೊಂಡು, ಆಮೇಲೆ ರೀಲೋಡ್ ಮಾಡಿ.